ಬಡಿದು ನೋಡಿದ ಮೇಲೆ

ಲಾಡ್ಲೇಸಾಬರು ಅದನ್ನು ಬೈಕಿನ ಹಿಂದೆ ಹಗ್ಗದಲ್ಲಿ ಬಿಗಿದು ತಂದರು,
ಕೆಳಗೊಂದು ಗೋಣಿಚೀಲ, ಮೇಲೊಂದು ದಿಂಬು.
ಶಹಾಬಾದಿನ ಮೇ ತಿಂಗಳು, ಮಧ್ಯಾಹ್ನ ಎರಡೂವರೆ,
ಸ್ಟೇಷನ್ ರಸ್ತೆಯ ಡಾಂಬರು ಚಪ್ಪಲಿ ಹಿಡಿದೆಳೆಯುವ ಹೊತ್ತು.
"ಜಗದೇವಕ್ಕ, ಬಿಲ್ಲು ಅರ್ಧ ಬರೆಯೋದ್ರಾಗ
ಇದು ಮಕ್ಕೊಂಡುಬಿಡ್ತದ."

ಡಬ್ಬಿಯ ಹಣೆಗೆ ನೀಲಿ ಸ್ಟಿಕ್ಕರು: ಐ-ಸೆವೆನ್.
ಒಂದು ಮೂಲೆ ಎದ್ದು, ಧೂಳು ಕುಡಿದು ಕಪ್ಪಾಗಿತ್ತು.
ಹೈದರಾಬಾದಿನಿಂದ ಅಳಿಯ ತಂದುಕೊಟ್ಟದ್ದು.
ಇಪ್ಪತ್ತೆರಡು ಸಾವಿರ ಎಣಿಸಿದ್ದಾರೆ, ರಸೀದಿ ಇಲ್ಲ.
ಅಳಿಯನ ಹತ್ತಿರ ರಸೀದಿ ಯಾರು ಕೇಳುತ್ತಾರೆ?

ನನ್ನ ಕೀಲಿಗೊಂಚಲಿನಲ್ಲಿ ಒಂದು ಪೆನ್‌ಡ್ರೈವ್.
ಅದರೊಳಗೆ ಪುಟ್ಟ ಸಲಕರಣೆ, ಎರಡು ಎಂಬಿಯೂ ಇಲ್ಲ,
ಕೆಲಸ ಒಂದೇ: ಪ್ರೊಸೆಸರನ್ನು ತಡೆದು
ನಿನ್ನ ಹೆಸರೇನು ಎಂದು ಕೇಳುವುದು.
ಒಪ್ಪಿದೆ, ಮುಂದೆ, ಮುಂದೆ,
ಬೇಡದ ಟೂಲ್‌ಬಾರಿನ ಟಿಕ್ಕು ತೆಗೆದು ಮತ್ತೆ ಮುಂದೆ.
ಹಸಿರು ಗೀಟು ಆ ತುದಿ ಮುಟ್ಟುವವರೆಗೆ
ಲಾಡ್ಲೇಸಾಬರು ಸುಮ್ಮನೆ ಕೂರಲಿಲ್ಲ.
ಬಗ್ಗಿ, ಅಂಗಡಿಯ ನೆಲಗಲ್ಲನ್ನು ಬೆರಳ ಗೆಣ್ಣಿನಿಂದ ಬಡಿದರು. ಟಣ್.
ಪಕ್ಕದ್ದನ್ನು ಬಡಿದರು. ಟಪ್.
"ಇದರ ಹೊಟ್ಟ್ಯಾಗ ಬಿರುಕದ. ಯಾರು ಹಾಕಿದ್ರು?"
ನಲವತ್ತು ವರ್ಷ ಕಲ್ಲು ಮಾರಿದ ಕೈ ಅದು.

ಕಿಟಕಿ ತೆರೆಯಿತು.
ಪ್ರೊಸೆಸರು ಸುಳ್ಳಾಡಲಿಲ್ಲ, ಅದಕ್ಕೆ ಬರುವುದಿಲ್ಲ.
ಐ-ತ್ರೀ, ಎಂದಿತು. ಕೋರು ಎರಡು. ತಲೆಮಾರು ಮೂರನೆಯದು.
ಜ್ವರ ಎಂಬತ್ತೊಂಬತ್ತು ಡಿಗ್ರಿ.
ವೇಗದ ಅಂಕಿ ಮಾತ್ರ ಒಂದು ಕಡೆ ನಿಲ್ಲದು,
ಒಂದೂವರೆ, ಮೂರೂಕಾಲು, ಮತ್ತೆ ಒಂದೂವರೆ,
ಸಂಜೆ ಸಂತೆಯಲ್ಲಿ ಟೊಮ್ಯಾಟೊ ಕೂಗುವ ಹುಡುಗನ ಹಾಗೆ.

ಅವರಿಗೆ ಇಂಗ್ಲಿಷು ಬಾರದು. ಅಂಕಿ ಬರುತ್ತದೆ.
ಸ್ಟಿಕ್ಕರಿನ ಏಳನ್ನು ನೋಡಿದರು, ಪರದೆಯ ಮೂರನ್ನು ನೋಡಿದರು.
ಏಳರಲ್ಲಿ ಮೂರು ಕಳೆಯುವುದು
ಅಷ್ಟು ಹೊತ್ತು ಹಿಡಿಯುವ ಲೆಕ್ಕವಲ್ಲ.
ಸಿಮೆಂಟು ಹೊತ್ತ ಗೂಡ್ಸು ಹಾದುಹೋಯಿತು,
ಮೇಜು ನಡುಗಿ
ಮೌಸಿನ ಬಾಣ ತಾನಾಗಿ ಒಂದಿಷ್ಟು ಸರಿಯಿತು.

"ಖರೇ ಹೇಳ್ತದೇನಿದು?"
"ಖರೇನೇ ಹೇಳ್ತದ, ಕಾಕಾ."
"ಅವಗೂ ಯಾರೋ ಹಿಂಗೇ ಮಾರಿರಬೇಕು."
ನಾನು ಹೌದೆನ್ನಲಿಲ್ಲ. ಅಲ್ಲವೆನ್ನಲೂ ಇಲ್ಲ.
"ಐತಾರಕ್ಕ ಮಗಳು ಅಳಿಯ ಬರ್ಲಿಕತ್ತಾರ.
ಇದನ್ನ ತಗದುಬಿಡು.
ನಾ ಬಡದು ನೋಡೀನಿ ಅಂತ ಅವಗ ತಿಳೀಬಾರ್ದು."

ಹಾಕಿದ್ದಕ್ಕಿಂತ ತೆಗೆಯುವುದು ನಿಧಾನ.
ಕಂಟ್ರೋಲ್ ಪ್ಯಾನೆಲ್, ಉದ್ದನೆಯ ಪಟ್ಟಿ, ಹೆಸರಿನ ಮೇಲೆ ಎರಡು ಒತ್ತು.
ಖಂಡಿತವಾಗಿಯೂ ತೆಗೆಯಬೇಕೇ ಎಂದು ಕೇಳಿತು.
ಎಲ್ಲವೂ ಕೇಳುತ್ತವೆ ಹಾಗೆ. ಹೌದು, ಎಂದೆ.
ಆದರೂ ಏನಾದರೂ ಉಳಿಯುತ್ತದೆ: ಒಂದು ಖಾಲಿ ಫೋಲ್ಡರು,
ರಿಜಿಸ್ಟ್ರಿಯ ಯಾವುದೋ ಕೊಂಬೆಗೆ ಜೋತುಬಿದ್ದ ಸಾಲು,
ಇತ್ತೀಚೆಗೆ ತೆರೆದವುಗಳ ನಡುವೆ ಮುಖ ಹೋದ ಚಿತ್ರ.
ದಿನಾ ಬಿಟ್ಟುಬಿಡುತ್ತೇನೆ, ಯಾರ ಕಣ್ಣಿಗೂ ಬೀಳುವಂಥದ್ದಲ್ಲ.
ಅವತ್ತು ಒಂದೊಂದನ್ನೇ ಹುಡುಕಿ ಒರೆಸಿದೆ,
ಕಸದ ಬುಟ್ಟಿಯನ್ನೂ ಬರಿದು ಮಾಡಿದೆ.

ಫ್ಯಾನಿನ ಧೂಳು ಊದಿ, ಹೊಸ ಪೇಸ್ಟು ಸವರಿದೆ.
ಜ್ವರ ಇಳಿದಿದೆ ಎಂದು ಹೇಳಲು
ಈಗ ಒಳಗೆ ಯಾರೂ ಇಲ್ಲ.
ಅಂಗೈ ಇಟ್ಟು ನೋಡಿದೆ. ಪರವಾಗಿಲ್ಲ.

ಹಗ್ಗ ಬಿಗಿಯುವ ಮುನ್ನ ಅವರು ಅಂಟು ಕೇಳಿದರು.
ಎದ್ದ ಮೂಲೆಗೆ ಒಂದು ಹನಿ ಬಿಟ್ಟು
ಐ-ಸೆವೆನ್ ಮೇಲೆ ಹೆಬ್ಬೆರಳು ಒತ್ತಿ ನಿಂತರು,
ಏಕ್, ದೋ, ತೀನ್, ಹತ್ತರವರೆಗೆ.
ಇನ್ನೂರರ ನೋಟು ಕೊಟ್ಟರು, ಚಿಲ್ಲರೆ ಬೇಡವೆಂದರು.
ಹೊಸ್ತಿಲಲ್ಲಿ ತಿರುಗಿ
ಆ ಟಪ್ ಎಂದ ಕಲ್ಲನ್ನು ಕಾಲಿನಿಂದ ತೋರಿಸಿ,
"ಮಳಿಗಾಲದಾಗ ಒಡೀತದ ಅದು. ಒಂದು ಕಳಸ್ತೀನಿ," ಎಂದರು.